ಪಕ್ಕದ ಕುರ್ಚಿ

ರೊಕಿಶ್ಕಿಸ್
೧೪ ಅಕ್ಟೋಬರ್ ೧೯೯೭

ಮಗನೇ ಲೀನಸ್,

ಪನೆವೇಝಿಸ್ ಬಸ್ಸಿನ ಡ್ರೈವರ್ ಕೈಗೆ ಕೊಟ್ಟ ಪೊಟ್ಟಣದಲ್ಲಿ ಒಂದು ಗಟ್ಟಿ ಚೀಸ್, ನಿನ್ನ ಉಣ್ಣೆಯ ಕಾಲುಚೀಲ ಮತ್ತು ಈ ಕಾಗದ ಇವೆ. ಮೊದಲು ತಿನ್ನು, ಆಮೇಲೆ ಓದು. ಹೊಟ್ಟೆ ತುಂಬಿದವನಿಗೆ ಬೈಗುಳ ಅಷ್ಟಾಗಿ ನಾಟುವುದಿಲ್ಲ.

ನಾನು ಬೈಯುತ್ತಿರುವುದು ನಿನ್ನನ್ನಲ್ಲ, ನಿಮ್ಮ ಕೋಚ್ ರೂದೊಕಸ್‌ನನ್ನು. ಶನಿವಾರದ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ನನ್ನ ಸಲೂನಿನ ಟಿವಿಯಲ್ಲೇ ನೋಡಿದೆ. ಒಬ್ಬಳ ತಲೆಗೆ ಬಣ್ಣ ಹಚ್ಚಿದ್ದೆ, ಇನ್ನೊಬ್ಬಳು ಬಿಸಿಗಾಳಿಯ ಯಂತ್ರದ ಕೆಳಗೆ ಕೂತಿದ್ದಳು. ನೀನು ಅಂಕಣಕ್ಕೆ ಇಳಿದೆ, ಒಂದು ಬುಟ್ಟಿ ಹಾಕಿದೆ, ಎದುರಾಳಿಯ ಕೈಯಿಂದ ಚೆಂಡು ಕಿತ್ತು ಇನ್ನೊಂದು ಹಾಕಿದೆ. ಈಗ ಇವನ ಮೈ ಬಿಸಿಯಾಯಿತು, ಇನ್ನು ನೋಡಿ ಎಂದು ಎಲ್ಲರಿಗೂ ಹೇಳುವಷ್ಟರಲ್ಲಿ ಆ ಮನುಷ್ಯ ಎದ್ದು ನಿಂತು ಬೆರಳು ತಿರುಗಿಸಿದ. ನೀನು ಹೊರಗೆ. ಆಡಿದ್ದು ನಾಲ್ಕು ನಿಮಿಷ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಿಟ್ಟಿನಲ್ಲಿ ಬಣ್ಣ ಹಚ್ಚಿಸಿಕೊಂಡವಳನ್ನು ಮರೆತೇಬಿಟ್ಟೆ. ಜೇನಿನ ಬಣ್ಣಕ್ಕೆ ಬರಬೇಕಿದ್ದ ಕೂದಲು ಕ್ಯಾರೆಟ್ ಬಣ್ಣಕ್ಕೆ ತಿರುಗಿತು. ಆ ಪಾಪವೂ ರೂದೊಕಸ್‌ಗೇ ಸೇರಲಿ.

ಪೊವಿಲಸ್ ಮಾವನೂ ಇದ್ದರು. ಅವರ ವಿಷಯ ನಿನಗೆ ಗೊತ್ತಲ್ಲ, ಮೂವತ್ತು ವರ್ಷ ಜಿಲ್ಲೆಯ ಪಂದ್ಯಗಳಿಗೆಲ್ಲ ರೆಫರಿಯಾಗಿ ಸೀಟಿ ಊದಿದವರು. ತಲೆಯಲ್ಲಿ ಒಂದು ಕೂದಲಿಲ್ಲದಿದ್ದರೂ ಪಂದ್ಯದ ದಿನ ತಪ್ಪದೆ ಕ್ಷೌರಕ್ಕೆ ಬರುತ್ತಾರೆ. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಬಾಯಿ ಬಿಚ್ಚುತ್ತಾರೆ. ರೂದೊಕಸ್‌ನಂಥ ತಲೆ ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ಅವರ ವಾದ. ಆ ತಲೆ ನನ್ನ ಕತ್ತರಿಗೆ ಸಿಗಲಿ, ಆಮೇಲೆ ನೋಡೋಣ ಎಂದೆ.

"ಗೆನೂತೆ, ಹುಡುಗ ಹೊರಗೆ ಬಂದಿದ್ದು ನೋಡ್ದೆ ನೀನು. ಎಲ್ಲಿ ಹೋಗಿ ಕೂತ ಅಂತ ನೋಡಿದ್ಯಾ?" ಎಂದು ನನ್ನನ್ನೇ ಕೇಳಿದರು.

ಎಲ್ಲಿ ಕೂತರೇನು, ಬೆಂಚು ಬೆಂಚೇ.

ಫೋನು ಮಾತ್ರ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಎಂಥ ಜಗಳಗಂಟರು ಎಂದು ಬೇಸಿಗೆಯಲ್ಲೇ ನೋಡಿಯಾಯಿತು. ಕಾಗದವಾದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲಾಗುವುದಿಲ್ಲ.

ಸಿಟ್ಟಿನಲ್ಲೇ ಇರುವ,
ಅಮ್ಮ ಗೆನೊವೈತೆ


ಪನೆವೇಝಿಸ್
೨೬ ಅಕ್ಟೋಬರ್ ೧೯೯೭

ಅಮ್ಮ,

ಚೀಸಿನಲ್ಲಿ ನನಗೆ ಸಿಕ್ಕಿದ್ದು ಒಂದು ತುಂಡು. ಉಳಿದದ್ದನ್ನು ಸೌಲ್ಯುಸ್ ತಿಂದ. ನಮ್ಮ ತಂಡದಲ್ಲಿ ಯಾವುದೇ ವಸ್ತು ಅವನ ಕೈಗೆ ಸಿಕ್ಕ ಮೇಲೆ ಇನ್ನೊಬ್ಬರಿಗೆ ಬರುವುದಿಲ್ಲ. ಚೆಂಡೂ ಅಷ್ಟೆ. ಆದರೆ ಅವನು ಎಸೆದರೆ ಹತ್ತಕ್ಕೆ ಏಳು ಬುಟ್ಟಿಗೇ ಬೀಳುತ್ತವೆ, ಹಾಗಾಗಿ ಯಾರೂ ಏನೂ ಹೇಳುವುದಿಲ್ಲ.

ಆ ನಾಲ್ಕು ನಿಮಿಷದ ಲೆಕ್ಕ ಒಪ್ಪಿಸುತ್ತೇನೆ, ಕೇಳು. ಎದುರು ತಂಡದಲ್ಲಿ ಚೆಂಡು ನಡೆಸುವ ಹುಡುಗ ಯಾವ ಕಡೆ ತಿರುಗುತ್ತಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೋಚ್ ನನ್ನನ್ನು ಅವನ ಮುಂದೆ ಬಿಟ್ಟರು. ಕರೆಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದು ಒಂದೇ ಮಾತು: "ಏನು ಕಂಡೆ?" ಯಾವಾಗಲೂ ಅದೊಂದೇ ಪ್ರಶ್ನೆ. ಅವನು ಬುಟ್ಟಿಯ ಕಡೆ ಕಣ್ಣೆತ್ತಿದರೆ ಬಲಕ್ಕೆ ಹೋಗುತ್ತಾನೆ, ಎತ್ತದಿದ್ದರೆ ಎಡಕ್ಕೆ ಎಂದೆ. ಅವರು ತಲೆಯಾಡಿಸಿ, ನನಗಿಂತ ಗಟ್ಟಿಮುಟ್ಟಾದ ಒಬ್ಬನಿಗೆ ಅದನ್ನು ಹೇಳಿ ಕಳಿಸಿದರು. ದ್ವಿತೀಯಾರ್ಧದಲ್ಲಿ ಆ ಹುಡುಗ ಚೆಂಡು ಕಳೆದುಕೊಂಡಿದ್ದನ್ನು ನೀನೂ ನೋಡಿದ್ದೀಯ. ಅಷ್ಟು ಹೊತ್ತಿಗೆ ನೀನು ಕ್ಯಾರೆಟ್ ತೊಳೆಯುತ್ತಿದ್ದೆ ಅಂತ ಕಾಣುತ್ತೆ.

ಅವರು ವಿಚಿತ್ರ ಮನುಷ್ಯ, ನಿಜ. ಅದೇ ಕಂದು ಬಣ್ಣದ ಕೋಟು. ಸೋಲುವ ಲಕ್ಷಣ ಕಂಡರೆ ಅದನ್ನು ಬಿಚ್ಚಿ ಸಹಾಯಕನ ಮಡಿಲಿಗೆ ಎಸೆಯುತ್ತಾರೆ. ಪ್ರತಿದಿನದ ಅಭ್ಯಾಸದ ಕೊನೆಗೆ ಒಂದು ಆಟ ಆಡಿಸುತ್ತಾರೆ, ಅದರಲ್ಲಿ ಬುಟ್ಟಿಗೆ ಹಾಕುವ ಹಾಗಿಲ್ಲ. ಚೆಂಡು ಕೈಯಿಂದ ಕೈಗೆ ಹೋಗುತ್ತಿರಬೇಕು, ಬುಟ್ಟಿಯ ಕೆಳಗೇ ನಿಂತಿದ್ದರೂ ಎಸೆಯಬಾರದು. ಮೊದಲು ಎಸೆದವನು ತನ್ನ ದುಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಲೋಟ ಗಿರಾ ಪಾನಕ ಕುಡಿಸಬೇಕು. ಕೇಳಲು ಸುಲಭ. ಆದರೆ ನಾವೆಲ್ಲ ನಡೆಯಲು ಕಲಿಯುವ ಮೊದಲೇ ಕೊಟ್ಟಿಗೆಯ ಬಾಗಿಲಿಗೆ ಹೊಡೆದ ಕಬ್ಬಿಣದ ಬಳೆಗೆ ಚೆಂಡು ಎಸೆದವರು. ಬುಟ್ಟಿ ತೆರೆದಿದ್ದರೆ ಕೈ ಕೇಳುವುದಿಲ್ಲ. ದಿನವೂ ಸೌಲ್ಯುಸ್ ಕುಡಿಸುತ್ತಾನೆ. ನಾನು ಇದುವರೆಗೂ ಒಮ್ಮೆಯೂ ಕುಡಿಸಿಲ್ಲ. ಅಜ್ಜಿಯ ಜಿಪುಣತನ ಬಂದಿದೆ ಎಂದು ನೀನು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ.

ನಿನ್ನ,
ಲೀನಸ್


ರೊಕಿಶ್ಕಿಸ್
೫ ನವೆಂಬರ್ ೧೯೯೭

ಲೀನಸ್,

ಸತ್ತವರ ದಿನ ಅಜ್ಜಿಯ ಸಮಾಧಿಗೆ ಮೇಣದಬತ್ತಿ ಹಚ್ಚಿ ಬಂದೆ. ಅಲ್ಲಿಯೂ ನಿನ್ನ ಕೋಚಿನಿಂದ ಬಿಡುಗಡೆಯಿಲ್ಲ. ಪಕ್ಕದ ಸಮಾಧಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬತ್ತಿ ಕೈಯಲ್ಲಿ ಹಿಡಿದುಕೊಂಡೇ, ರೂದೊಕಸ್ ಕೊನೆಯ ಐದು ನಿಮಿಷ ಎತ್ತರದವರನ್ನೆಲ್ಲ ತೆಗೆದು ಕುಳ್ಳರನ್ನು ಇಳಿಸಿದ್ದು ಸರಿಯೇ ಎಂದು ಗುದ್ದಾಡುವಷ್ಟು ವಾದ ಮಾಡುತ್ತಿದ್ದರು. ಮಣ್ಣಿನ ಕೆಳಗಿರುವ ಅವರಪ್ಪನಿಗೂ ಒಂದು ಅಭಿಪ್ರಾಯವಿತ್ತೇನೋ. ಕುಳ್ಳರು ಓಡಿ ಓಡಿ ಎದುರಾಳಿಗಳ ಉಸಿರು ಹಿಂಡಿದ್ದು ಮಾತ್ರ ಚೆನ್ನಾಗಿತ್ತು. ಅಷ್ಟನ್ನು ಒಪ್ಪುತ್ತೇನೆ, ಹೆಚ್ಚಿಗೆ ಕೇಳಬೇಡ.

ವಿಷಯಕ್ಕೆ ಬರುತ್ತೇನೆ. ಸೋಮವಾರ ನೀಲಿ ಕಾರಿನಲ್ಲಿ ಒಬ್ಬ ಬಂದ. ಕ್ಲೈಪೆದಾ ತಂಡದವನಂತೆ. ಕ್ಷೌರ ಮಾಡಿಸಿಕೊಂಡ, ಚಾಕೊಲೇಟ್ ಡಬ್ಬಿ ಇಟ್ಟ, ಬರುವ ವರ್ಷ ನೀನು ಅವರಲ್ಲಿಗೆ ಹೋದರೆ ಮೊದಲ ಐವರಲ್ಲಿ ನಿನ್ನ ಹೆಸರು ಎಂದ. ಮೊದಲ ಐವರು! ಪಂದ್ಯದ ಆರಂಭಕ್ಕೆ ನಿನ್ನ ಹೆಸರು ಕೂಗುತ್ತಾರೆ, ನೀನು ಓಡಿ ಬರುತ್ತೀಯ.

ಆ ಊರಿನ ಹೆಸರು ಈ ಮನೆಯಲ್ಲಿ ನಾವು ಆಡುವುದಿಲ್ಲ. ನಿನ್ನ ಅಪ್ಪ ಅಲ್ಲಿ ಹಡಗು ರಿಪೇರಿ ಮಾಡಿಕೊಂಡಿದ್ದಾನೆ ಎನ್ನುವುದು ಊರಿನ ತಪ್ಪಲ್ಲವಲ್ಲ. ಹೋಗು ಎನ್ನುತ್ತೇನೆ. ಇಪ್ಪತ್ಮೂರು ವರ್ಷದ ಗಂಡಸು ಬೆಂಚು ಬಿಸಿ ಮಾಡಿಕೊಂಡು ಕೂರುವುದನ್ನು ನನ್ನಿಂದ ನೋಡಲಾಗದು.

ಚಾಕೊಲೇಟನ್ನು ಪೊವಿಲಸ್ ಮಾವ ತಿಂದರು. ತಿಂದುಕೊಂಡೇ, "ತಾಳಿದವನು ಬಾಳಿಯಾನು" ಎಂದರು.

ಅಮ್ಮ


ಪನೆವೇಝಿಸ್
೧೫ ಡಿಸೆಂಬರ್ ೧೯೯೭

ಅಮ್ಮ,

ನಿನ್ನೆಯ ಸೋಲು ನೋಡಿರುತ್ತೀಯ. ಒಂದು ಅಂಕದಿಂದ ಮುಂದಿದ್ದೆವು, ಚೆಂಡು ನಮ್ಮದು, ಸುಮ್ಮನೆ ಹಿಡಿದುಕೊಂಡಿದ್ದರೆ ಸಾಕಿತ್ತು. ಟೈಮ್‌ಔಟ್ ಕರೆದು ಕೋಚ್ ಅದನ್ನೇ ಹೇಳಿದ್ದರು. ಸೌಲ್ಯುಸ್‌ಗೆ ಬುಟ್ಟಿ ತೆರೆದು ಕಂಡಿತು, ಎಸೆದ. ತಪ್ಪಿತು. ಆ ಕಡೆಯವರು ಓಡಿಹೋಗಿ ಹಾಕಿ ಗೆದ್ದರು.

ಕೋಚ್ ಅವನ ಚರ್ಮ ಸುಲಿಯುತ್ತಾರೆ ಎಂದುಕೊಂಡೆ. ಪತ್ರಿಕೆಯವರು ಮುತ್ತಿಕೊಂಡು, ಯಾರ ತಪ್ಪು ಎಂದು ಕೇಳಿದರು. "ನನ್ನದು. ಆ ಹೊತ್ತಿಗೆ ಅವನನ್ನ ಒಳಗೆ ಬಿಟ್ಟಿದ್ದು ನಾನು" ಎಂದರು. ಸೌಲ್ಯುಸ್ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಇಂಥವರ ಕೈಕೆಳಗೆ ಆಡುವುದು ದೊಡ್ಡದು ಎಂದು ಆ ಕ್ಷಣ ನನಗೆ ಅನಿಸಿತು. ನಿಜವಾಗಿಯೂ ಅನಿಸಿತು.

ಆದರೆ ಆ ದ್ವಿತೀಯಾರ್ಧ ಪೂರ್ತಿ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ನಾನು ಕಂಡದ್ದನ್ನು ಬೇರೆಯವರು ಹೋಗಿ ಮಾಡಿ ಬರುತ್ತಾರೆ, ನಾನು ಕಂಡುಕೊಂಡೇ ಇರುತ್ತೇನೆ. ನೀಲಿ ಕಾರಿನವನಿಗೆ ಯೋಚಿಸುತ್ತೇನೆ ಎಂದು ಹೇಳಿದ್ದೇನೆ.

ಕ್ರಿಸ್‌ಮಸ್ ಹಿಂದಿನ ಸಂಜೆಗೆ ಬರುತ್ತೇನೆ. ಮೀನಿನ ಜೊತೆ ಬೀಟ್‌ರೂಟ್ ಮಾಡು.

ಲೀನಸ್


ರೊಕಿಶ್ಕಿಸ್
೨೦ ಜನವರಿ ೧೯೯೮

ಲೀನಸ್,

ನೀನು ಬಂದು ಹೋದ ಮೇಲೆ ಮನೆ ದೊಡ್ಡದಾಗಿದೆ. ಆ ಸಂಜೆ ಹನ್ನೆರಡು ಬಗೆ ಅಡುಗೆ ಮಾಡಿ, ಮೇಜಿನ ಮೇಲೆ ಮೂರು ತಟ್ಟೆ ಇಟ್ಟೆ. ಹಬ್ಬಕ್ಕೆ ಮನೆಯಲ್ಲಿ ಇಲ್ಲದವರಿಗೆ ಎಲ್ಲರೂ ಇಡುವ ತಟ್ಟೆಯೇ ಅದು. ಯಾರಿಗೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ.

ಈಗ ಇದನ್ನು ಕೇಳು. ಶಾಲೆಯ ಹಾಲ್‌ಗೆ ಹೊಸ ನೆಲ ಹಾಕಿಸಿದ್ದಾರೆ, ಅದರ ಉದ್ಘಾಟನೆಗೆ ನಿಮ್ಮ ರೂದೊಕಸ್‌ನನ್ನು ಕರೆಸಿದ್ದರು. ಸಮಾರಂಭಕ್ಕೆ ಮೊದಲು ಆ ಮನುಷ್ಯ ನೇರವಾಗಿ ನನ್ನ ಸಲೂನಿಗೆ ಬಂದು, ಕುರ್ಚಿಯಲ್ಲಿ ಕೂತು, ಕತ್ತನ್ನು ನನ್ನ ಕೈಗೆ ಕೊಟ್ಟ. ಪೊವಿಲಸ್ ಮಾವ ಬೆಂಚಿನ ಮೇಲೆ ಉಸಿರಾಡುವುದನ್ನೇ ನಿಲ್ಲಿಸಿದರು.

ನಾನೂ ಏನೂ ತಿಳಿಯದವಳ ಹಾಗೆ ಬಟ್ಟೆ ಕಟ್ಟಿದೆ, ಕತ್ತರಿಸತೊಡಗಿದೆ. ದಪ್ಪ ಕೂದಲು, ಚೆನ್ನಾಗಿ ಕೂರುತ್ತದೆ. ಎಡಗಡೆ ಪೂರ್ತಿ ಮುಗಿಯಿತು. ಬಲಗಡೆ ಕಾಡು ಹಾಗೇ ಇತ್ತು. ಆಗ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತೆ.

"ಏನಾಯ್ತು?" ಎಂದು ಕೇಳಿದ.

"ನಿಮ್ಮನ್ನ ತೆಗೆದಿದೀನಿ. ಇದುವರೆಗೂ ಚೆನ್ನಾಗೇ ಇತ್ತು. ಈಗ ಹೋಗಿ ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಬಾಕಿ ಅರ್ಧ ಆಮೇಲೆ ನೋಡೋಣ."

ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಎದ್ದ, ಬಟ್ಟೆ ಸಮೇತ ಹೋಗಿ ಪೊವಿಲಸ್ ಮಾವನ ಪಕ್ಕ ಕೂತ. ಅರ್ಧ ತಲೆಯಲ್ಲಿ ಆರಾಮಾಗಿ ಮ್ಯಾಗಜೀನ್ ತಿರುವತೊಡಗಿದ. ಆಗಲೇ ಇಬ್ಬರು ಗಿರಾಕಿಗಳು ಬಂದರು. ನೋಡಿದರು. ನಾನು ಒಬ್ಬಳನ್ನು ಕುರ್ಚಿಗೆ ಕರೆದೆ. ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಲೀನಸ್ ತಾಯಿ ಅಲ್ವಾ?" ಎಂದ. "ಹುಬ್ಬು ನೋಡಿ ಬಾಗಿಲಲ್ಲೇ ಗೊತ್ತಾಯ್ತು."

ಗೊತ್ತಿದ್ದೂ ನನ್ನ ಕತ್ತರಿಯ ಕೆಳಗೆ ಕೂತಿದ್ದಾರೆ! ಆ ಧೈರ್ಯಕ್ಕೆ ಏನು ಹೇಳುವುದು. ನನ್ನ ಮಗನನ್ನು ಯಾಕೆ ತೆಗೆಯುತ್ತೀರಿ ಎಂದು ಕೇಳಿಯೇಬಿಟ್ಟೆ.

"ನಾನು ಅವನನ್ನ ತೆಗೆಯಲ್ಲಮ್ಮ. ನನ್ನ ಪಕ್ಕ ಕೂರಿಸ್ಕೋತೀನಿ. ಆಡೋರು ಬೇಕಾದಷ್ಟು ಜನ ಸಿಕ್ತಾರೆ. ಕೂತ್ಕೊಂಡು ನೋಡೋಕೆ ಬರೋನು ಸಿಗಲ್ಲ."

ಎಷ್ಟು ದಿನ ಕೂರಿಸುತ್ತೀರಿ ಎಂದೆ. ಅದು ತಮಗೂ ಗೊತ್ತಿಲ್ಲ, ಆದರೆ ಒಂದು ದಿನ ಬರುತ್ತದೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಮಾತು. ಆದರೂ ಹೇಳಿದ ರೀತಿಯಲ್ಲಿ ಸುಳ್ಳಿರಲಿಲ್ಲ. ಮತ್ತೆ ಕರೆದು ಕೂರಿಸಿ ಬಲಗಡೆಯನ್ನೂ ಮುಗಿಸಿದೆ. ಎಡಗಡೆಗಿಂತ ಚೆನ್ನಾಗಿ ಬಂತು. ಯೋಚಿಸಲು ಬಿಡುವು ಸಿಕ್ಕಿತ್ತಲ್ಲ.

ಅಮ್ಮ


ಪನೆವೇಝಿಸ್
೯ ಫೆಬ್ರವರಿ ೧೯೯೮

ಅಮ್ಮ,

ನನ್ನ ಜಗಳವನ್ನು ನೀನು ಆಡಬೇಡ. ನಿನ್ನ ಅರ್ಧ ಕ್ಷೌರದ ಕಥೆ ನಿನ್ನ ಕಾಗದಕ್ಕಿಂತ ಮೊದಲೇ ಇಲ್ಲಿಗೆ ಬಂದಿತ್ತು. ಸೌಲ್ಯುಸ್ ಅಭ್ಯಾಸಕ್ಕೆ ಕತ್ತಿಗೆ ಟವೆಲ್ ಕಟ್ಟಿಕೊಂಡು ಬರುತ್ತಾನೆ. ನಾನು ಬೆಂಚಿಗೆ ಹೋದಾಗಲೆಲ್ಲ ಎರಡು ಬೆರಳು ಕತ್ತರಿಯ ಹಾಗೆ ಆಡಿಸುತ್ತಾನೆ.

ಒಂದು ದಿನ ಬರುತ್ತದೆ ಅಂದರಂತೆ. ಆ ದಿನ ಯಾವ ಕ್ಯಾಲೆಂಡರಿನಲ್ಲಿದೆ? ಕಳೆದ ಮೂರು ಪಂದ್ಯಗಳಲ್ಲಿ ನಾನು ಬೆವರಿಯೇ ಇಲ್ಲ. ನನಗೂ ಆಡಬೇಕು ಅಮ್ಮ. ಅದು ತಪ್ಪೇ?

ನೀಲಿ ಕಾರಿನವನಿಗೆ ಫೋನ್ ಮಾಡಿದೆ. ಸೀಸನ್ ಮುಗಿಯುತ್ತಿದ್ದಂತೆ ಸಹಿ ಹಾಕುತ್ತೇನೆ. ನೀನು ಹೇಳಿದ್ದೂ ಅದನ್ನೇ ಅಲ್ಲವೇ.

ಲೀನಸ್


ರೊಕಿಶ್ಕಿಸ್
೧೭ ಫೆಬ್ರವರಿ ೧೯೯೮

ಲೀನಸ್,

ಭಾನುವಾರ ನೋಡಿದೆ. ರೂದೊಕಸ್ ಬೆರಳು ತಿರುಗಿಸಿದರು. ನೀನು ಟವೆಲ್ ಕಿತ್ತೆಸೆದು, ಅವರ ಮುಂದೆಯೇ, ಖಾಲಿ ಕುರ್ಚಿ ದಾಟಿಕೊಂಡು, ಬಾಗಿಲು ತಳ್ಳಿ ಹೊರಗೆ ಹೋದೆ. ಟಿವಿಯವರು ಅದನ್ನು ಎರಡು ಸಲ ತೋರಿಸಿದರು. ಎಡಭುಜ ಮುಂದೆ ಮಾಡಿಕೊಂಡು ನಡೆದೆ. ನಿನಗೆ ಆ ನಡಿಗೆಯನ್ನು ಯಾರು ಕಲಿಸಿದರು?

ಇದನ್ನು ನಿನಗೆ ಹೇಳಿರಲಿಲ್ಲ. ನೀನು ಹೊಟ್ಟೆಯಲ್ಲಿದ್ದಾಗ ನಾನು ನಿನ್ನ ಅಪ್ಪನ ಆಟ ನೋಡಲು ಹೋಗುತ್ತಿದ್ದೆ. ರಿಮಾಸ್ ಈ ಜಿಲ್ಲೆಯಲ್ಲೇ ಒಳ್ಳೆಯ ಆಟಗಾರ, ನಿನಗಿಂತ ಚೆನ್ನಾಗಿ ಎಸೆಯುತ್ತಿದ್ದ. ಒಂದು ದಿನ ಅವನನ್ನು ಆಟದ ನಡುವೆ ತೆಗೆದರು. ಟವೆಲ್ ಎಸೆದು, ಬೆಂಚಿನ ಮುಂದೆಯೇ ನಡೆದು, ಬಾಗಿಲು ತಳ್ಳಿಕೊಂಡು ಹಿಮದಲ್ಲಿ ಬನಿಯನ್ನಿನಲ್ಲೇ ಮನೆಗೆ ಹೋದ. ಆಟಕ್ಕೆ ಮರಳಲಿಲ್ಲ. ಆಮೇಲೆ ಕಾರ್ಖಾನೆಯಲ್ಲಿ ಮೇಸ್ತ್ರಿ ಗದರಿದ ದಿನ ಕೆಲಸದಿಂದ ಎದ್ದು ಹೋದ. ಆಮೇಲೆ ಒಂದು ಸಂಜೆ ನಾನು ಏನೋ ಅಂದೆ, ಏನೆಂದು ಈಗ ನೆನಪೂ ಇಲ್ಲ. ಊಟದ ಮೇಜಿನಿಂದ ಎದ್ದು ಹೋದ. ನಿನಗೆ ಆಗ ಆರು ವರ್ಷ. ಕೆಟ್ಟವನಲ್ಲ ಅವನು. ಕೂರುವುದು ಬರಲಿಲ್ಲ, ಅಷ್ಟೆ.

ನಾನು ರೂದೊಕಸ್ ಅವರನ್ನು ಬೈಯುತ್ತಿದ್ದದ್ದು ನಿನಗೆ ಆಟ ಸಿಗಲಿಲ್ಲ ಎಂಬ ಸಿಟ್ಟಿಗೆ ಎಂದೇ ನಾನೂ ತಿಳಿದಿದ್ದೆ. ಅಲ್ಲ. ಆ ಬೆರಳು ತಿರುಗಿದಾಗಲೆಲ್ಲ ನೀನು ಬಾಗಿಲ ಕಡೆ ನೋಡುತ್ತೀಯೇನೋ ಎಂದು ಹೆದರುತ್ತಿದ್ದೆ.

ಕ್ಲೈಪೆದಾಗೆ ಹೋಗಬೇಕೆಂದರೆ ಹೋಗು, ತಡೆಯುವುದಿಲ್ಲ. ಆದರೆ ಎದ್ದು ಹೋಗಬೇಡ. ಮೊದಲು ಬಂದು ಕೂತ್ಕೋ. ಆಟ ಮುಗಿಯಲಿ, ಕೈಕುಲುಕು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು. ಮಗನೇ, ಕೂತ್ಕೋ.

ಅಮ್ಮ


ಪನೆವೇಝಿಸ್
೨ ಮಾರ್ಚ್ ೧೯೯೮

ಅಮ್ಮ,

ನಿನ್ನ ಕಾಗದವನ್ನು ಬಸ್ ನಿಲ್ದಾಣದಲ್ಲೇ ನಿಂತು ಓದಿದೆ.

ಮುಂದಿನ ಪಂದ್ಯಕ್ಕೆ ಹೋದೆ. ತಂಡದಿಂದ ತೆಗೆದಿರುತ್ತಾರೆ ಎಂದುಕೊಂಡೇ ಹೋದೆ. ಎಲ್ಲರೂ ಬೆಂಚಿನಲ್ಲಿ ಕೂತಾಗಿತ್ತು. ಕೋಚ್ ಪಕ್ಕದ ಕುರ್ಚಿಯ ಮೇಲೆ ಅವರ ಕಂದು ಕೋಟು ಇತ್ತು. ಸಹಾಯಕ ನನ್ನ ಕಿವಿಯಲ್ಲಿ ಹೇಳಿದ: ಆ ಭಾನುವಾರ ನಾನು ಹೊರಟ ಮರುಕ್ಷಣವೇ ಅವರು ಕೋಟು ಬಿಚ್ಚಿ ಅಲ್ಲಿಟ್ಟರಂತೆ. ಬೇರೆ ಹುಡುಗನೊಬ್ಬ ಕೂರಲು ಬಂದಾಗ, "ಅಲ್ಲಿ ಜನ ಇದಾರೆ" ಎಂದರಂತೆ.

ನಾನು ಹೋಗಿ ನಿಂತೆ. ಅವರು ನನ್ನ ಕಡೆ ನೋಡದೆಯೇ ಕೋಟು ಎತ್ತಿಕೊಂಡರು. ಕೂತೆ. ಆಗ ನನ್ನ ಕಡೆ ತಿರುಗಿ ಕೇಳಿದರು.

"ಏನು ಕಂಡೆ?"

"ಕೋಚ್, ಆವತ್ತಿನ ಆಟ ನಾನು ಪೂರ್ತಿ ನೋಡ್ಲಿಲ್ಲ."

"ಆಟ ಅಲ್ಲ. ಬಾಗಿಲಾಚೆ ಏನು ಕಂಡೆ?"

"ಏನೂ ಇರ್ಲಿಲ್ಲ. ಚಳಿ ಇತ್ತು."

ಹೂಂ ಎಂದು ತಲೆಯಾಡಿಸಿ ಆಟದ ಕಡೆ ತಿರುಗಿದರು. ಅಷ್ಟೆ. ಕ್ಷಮೆ ಕೇಳಲು ಬಸ್ಸಿನಲ್ಲಿ ಒಂದು ಭಾಷಣ ಕಟ್ಟಿಕೊಂಡಿದ್ದೆ, ಅದು ಹಾಗೇ ಉಳಿಯಿತು.

ಕಪ್ಪಿನ ಫೈನಲ್‌ಗೆ ಬಂದಿದ್ದೇವೆ. ಎದುರಾಳಿ ಕ್ಲೈಪೆದಾ. ಮೊದಲ ಪಂದ್ಯ ಇಲ್ಲಿ, ಎರಡನೆಯದು ಅಲ್ಲಿ, ಎರಡರ ಅಂಕ ಕೂಡಿಸಿ ಯಾರದು ಹೆಚ್ಚೋ ಅವರಿಗೆ ಕಪ್ಪು. ನೀಲಿ ಕಾರಿನವನಿಗೆ ಉತ್ತರ ಅದಾದ ಮೇಲೆ ಎಂದು ಹೇಳಿದ್ದೇನೆ. ಅಲ್ಲಿನ ಪಂದ್ಯಕ್ಕೆ ನಮಗೆ ಒಂದೊಂದು ಟಿಕೆಟ್ ಕೊಡುತ್ತಾರೆ. ನಿನಗೆ ಅಷ್ಟು ದೂರ ಬರಲಾಗದು ಎಂದು ಗೊತ್ತು. ಅದನ್ನು ಆ ಊರಿನಲ್ಲೇ ಇರುವ ಒಬ್ಬರಿಗೆ ಕಳಿಸಲೇ?

ಲೀನಸ್


ರೊಕಿಶ್ಕಿಸ್
೧೦ ಮಾರ್ಚ್ ೧೯೯೮

ಲೀನಸ್,

ಅಲ್ಲಿ ಜನ ಇದ್ದಾರೆ ಅಂದರೇ! ನಾವು ಹಬ್ಬದ ದಿನ ತಟ್ಟೆ ಇಡುತ್ತೇವೆ, ವರ್ಷಕ್ಕೊಮ್ಮೆ. ಅವರು ಆಟದ ನಡುವೆ, ಅಷ್ಟು ಸಾವಿರ ಜನರ ಮುಂದೆ ಇಟ್ಟರು. ಸಲೂನಿನಲ್ಲಿ ಇದನ್ನು ಓದಿ ಹೇಳಿದೆ. ಪೊವಿಲಸ್ ಮಾವ ಕನ್ನಡಕ ಒರೆಸಿಕೊಂಡರು. ಇಷ್ಟು ದಿನ ಆ ಮನುಷ್ಯನನ್ನು ಬೈದ ಬಾಯಿಂದಲೇ ಹೇಳುತ್ತೇನೆ, ಅವರು ದೊಡ್ಡವರು.

ನಿನ್ನ ಅಪ್ಪ ಎದ್ದು ಹೋದ ದಿನ ಅವನ ಜಾಗದಲ್ಲಿ ಇನ್ನೊಬ್ಬ ಬಂದು ಕೂತ. ಯಾರೂ ಕೋಟು ಇಡಲಿಲ್ಲ.

ಟಿಕೆಟ್ ಕಳಿಸು.

ಅಮ್ಮ


ರೊಕಿಶ್ಕಿಸ್
೬ ಏಪ್ರಿಲ್ ೧೯೯೮

ಲಿನುಕಾ, ಕಂದ,

ಇಡೀ ಊರಿನಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಎಲ್ಲರೂ ವಾದ ಮಾಡುತ್ತಿದ್ದಾರೆ. ಅದಕ್ಕೇ ನನಗೆ ಬರೆಯಲು ಬಿಡುವಾಗಿದೆ.

ಇಲ್ಲಿ ಏನಾಯಿತೆಂದು ಕೇಳು. ಸಲೂನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಪಂದ್ಯದಲ್ಲಿ ನೀವು ಆರು ಅಂಕದಿಂದ ಗೆದ್ದಿದ್ದಿರಿ, ಅಲ್ಲಿಯವರೆಗೂ ಎಲ್ಲರಿಗೂ ಲೆಕ್ಕ ಸರಿಯಾಗಿಯೇ ಗೊತ್ತಿತ್ತು. ಆಟ ಕೊನೆಗೆ ಬಂದಾಗ ನೀವು ಎರಡು ಅಂಕ ಹಿಂದೆ. ನಿಮ್ಮ ಮೂವರು ದೊಡ್ಡ ಆಟಗಾರರು ಐದೈದು ಫೌಲ್ ಆಗಿ ಹೊರಗೆ. ಉಳಿದದ್ದು ಎಂಟು ಸೆಕೆಂಡು, ಚೆಂಡು ನಮ್ಮದು. ಆಗ ರೂದೊಕಸ್ ಎದ್ದು ನಿಂತು ಸೌಲ್ಯುಸ್‌ನನ್ನು ಹೊರಗೆ ಕರೆದರು. ಮೂವತ್ತೊಂದು ಅಂಕ ಹಾಕಿದ ಸೌಲ್ಯುಸ್‌ನನ್ನು! ಅವನ ಬದಲಿಗೆ ನೀನು, ಮೊದಲಾರ್ಧದಿಂದ ಕೂತೇ ಇದ್ದವನು. ಸಲೂನಿನಲ್ಲಿ ಬಾಚಣಿಗೆಗಳು ಹಾರಾಡಿದವು. ಕ್ಯಾರೆಟ್ ಕೂದಲಿನವಳು, ಪಾಪ ಮತ್ತೆ ನನ್ನ ಹತ್ತಿರವೇ ಬರುತ್ತಾಳೆ, ಅವನಿಗೆ ಹುಚ್ಚು ಹಿಡಿದಿದೆ ಎಂದಳು.

ಚೆಂಡು ನಿನಗೆ ಬಂತು. ನೀನು ಓಡಿದೆ. ಕ್ಲೈಪೆದಾದವರು ಅಡ್ಡ ಬರಲೇ ಇಲ್ಲ. ಇಬ್ಬರು ಪಕ್ಕಕ್ಕೆ ಸರಿದು ಮದುವೆಮನೆಯ ಬಾಗಿಲು ತೆರೆದ ಹಾಗೆ ದಾರಿ ಬಿಟ್ಟರು. ಬುಟ್ಟಿಯ ಕೆಳಗೆ ನೀನೊಬ್ಬನೇ. ಕೈ ಎತ್ತಿದರೆ ಸಾಕು. ಆಗ ಸಲೂನಿನಲ್ಲಿದ್ದವರೆಲ್ಲ "ಹಾಕು!" ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಪೊವಿಲಸ್ ಮಾವ ಈಗ, ನೀನು ಕೂಗಲಿಲ್ಲ ಗೆನೂತೆ, ಎನ್ನುತ್ತಾರೆ. ಒಳ್ಳೆಯತನಕ್ಕೆ ಸುಳ್ಳು ಹೇಳುತ್ತಾರೆ.

ನೀನು ಚೆಂಡನ್ನು ಎದೆಗವಚಿಕೊಂಡು ಬುಟ್ಟಿಯ ಕೆಳಗೆ ಸುಮ್ಮನೆ ನಿಂತೆ. ನಿಂತೇ ಇದ್ದೆ. ಗಂಟೆ ಬಾರಿಸಿತು.

ನೀನು ನಮ್ಮನ್ನು ಸೋಲಿಸಿದೆ ಎಂದೇ ಎಲ್ಲರೂ ಅಂದುಕೊಂಡರು. ಆಮೇಲೆ ಪೊವಿಲಸ್ ಮಾವ ಮೆಲ್ಲಗೆ ಹೇಳಿದರು, "ಎರಡರಿಂದ ಸೋತ್ವಿ, ಆರರಿಂದ ಗೆದ್ದಿದ್ವಿ. ಕಪ್ಪು ನಮ್ದೇ ಕಣ್ರೋ." ನೀನು ಹಾಕಿದ್ದರೆ ಪಂದ್ಯ ಸಮವಾಗುತ್ತಿತ್ತು, ಇನ್ನೂ ಐದು ನಿಮಿಷ ಆಡಬೇಕಿತ್ತು, ಮೂವರು ದೊಡ್ಡವರಿಲ್ಲದ ನಿಮ್ಮನ್ನು ಆರಕ್ಕಿಂತ ಹೆಚ್ಚು ಅಂಕದಿಂದ ನುಂಗಿಬಿಡುತ್ತಿದ್ದರು. ಅದಕ್ಕೇ ಅವರು ದಾರಿ ಬಿಟ್ಟದ್ದು! ಆ ಎಂಟು ಸೆಕೆಂಡು ಇಡೀ ಊರು ಅದನ್ನು ಮರೆತಿತ್ತು. ಬುಟ್ಟಿ ತೆರೆದಿದ್ದರೆ ನಮ್ಮ ಜನಕ್ಕೆ ಲೆಕ್ಕ ಮರೆತುಹೋಗುತ್ತದೆ. ಮರೆಯದವರು ಇಬ್ಬರೇ, ಬೆಂಚಿನಲ್ಲಿ ಒಬ್ಬರು, ಬುಟ್ಟಿಯ ಕೆಳಗೆ ಒಬ್ಬ.

ಸೋತು ಕಪ್ಪು ಎತ್ತುವುದು ಯಾವ ಸೀಮೆಯ ಗೆಲುವು, ಸೌಲ್ಯುಸ್ ಇದ್ದಿದ್ದರೆ ಗೆದ್ದೇ ಎತ್ತಬಹುದಿತ್ತು ಎಂದು ಅರ್ಧ ಊರು ಇನ್ನೂ ವಾದಿಸುತ್ತಿದೆ. ಅಂಥವರಿಗೆ ನಾನು ಅರ್ಧ ಕ್ಷೌರ ಮಾಡಿ ಕಳಿಸುತ್ತೇನೆ ಎಂದಿದ್ದೇನೆ. ಆ ಒಂದು ದಿನ ಬರುತ್ತದೆ ಎಂದು ರೂದೊಕಸ್ ಅವರಿಗೆ ಹೇಗೆ ತಿಳಿದಿತ್ತು? ಗಿರಾ ಕುಡಿಸುವ ಆಟದ ವಿಷಯ ಓದಿ ನಾವೆಲ್ಲ ನಕ್ಕಿದ್ದೆವಲ್ಲ.

ನಾನಾಗಿದ್ದರೆ ಹಾಕಿಬಿಡುತ್ತಿದ್ದೆ. ನಿನ್ನ ಅಪ್ಪನೂ ಹಾಕಿಬಿಡುತ್ತಿದ್ದ. ನಿನಗೆ ಇದು ನಮ್ಮಿಬ್ಬರಿಂದ ಬಂದದ್ದಲ್ಲ. ರೂದೊಕಸ್ ಅವರಿಗೆ ನನ್ನ ನಮಸ್ಕಾರ ಹೇಳು. ಕೂದಲು ಬೆಳೆದಾಗ ಬರಲಿ, ಪೂರ್ತಿ ಮಾಡುತ್ತೇನೆ.

ಎದೆಯುಬ್ಬಿಸಿಕೊಂಡು ಓಡಾಡುತ್ತಿರುವ,
ಅಮ್ಮ


ಪನೆವೇಝಿಸ್
೧೯ ಏಪ್ರಿಲ್ ೧೯೯೮

ಅಮ್ಮ,

ನೀಲಿ ಕಾರಿನವನಿಗೆ ಆಗುವುದಿಲ್ಲ ಎಂದು ಹೇಳಿದೆ. ಇಲ್ಲೇ ಇನ್ನೆರಡು ವರ್ಷಕ್ಕೆ ಸಹಿ ಹಾಕಿದೆ. ಬರುವ ವರ್ಷವೂ ನನ್ನನ್ನು ತೆಗೆಯುತ್ತಾರೆ, ನೀನು ಬೈಯಲು ಈಗಿನಿಂದಲೇ ತಯಾರಾಗು.

ನಿನ್ನೆ ಸೀಸನ್ನಿನ ಕೊನೆಯ ಅಭ್ಯಾಸ. ಎಂದಿನಂತೆ ಹಾಕಬಾರದ ಆಟ. ಚೆಂಡು ನನ್ನ ಕೈಗೆ ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ನಾನು ಎಸೆದೆ. ಬುಟ್ಟಿಗೆ ಬೀಳಲೂ ಇಲ್ಲ. ಸೌಲ್ಯುಸ್ ಖುಷಿಗೆ ನೆಲದ ಮೇಲೆ ಉರುಳಾಡಿದ. ಎಲ್ಲರಿಗೂ ಗಿರಾ ಕುಡಿಸಿದೆ. ಅವನೊಬ್ಬನೇ ಮೂರು ಲೋಟ ಕುಡಿದ. ಆ ಎಂಟು ಸೆಕೆಂಡು ತನ್ನನ್ನು ತೆಗೆಯದಿದ್ದರೆ ತಾನು ಎಸೆದೇ ಎಸೆಯುತ್ತಿದ್ದೆ, ಅದು ಒಳಗೂ ಹೋಗುತ್ತಿತ್ತು, ನಾವು ಮುಳುಗಿಹೋಗುತ್ತಿದ್ದೆವು ಎಂದು ಅವನೇ ಎಲ್ಲರ ಮುಂದೆ ಹೇಳಿದ. ಅವನನ್ನು ನಾನು ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ.

ಒಂದು ವಿಷಯ ನಿನಗೆ ಹೇಳದೆ ಇಟ್ಟುಕೊಂಡಿದ್ದೆ. ಕ್ಲೈಪೆದಾಗೆ ಅಪ್ಪನಿಗೆಂದು ಕಳಿಸಿದ ಟಿಕೆಟ್ಟು ಬುಟ್ಟಿಯ ಹಿಂದಿನ ಮೊದಲ ಸಾಲಿನದು, ಬಾಗಿಲ ಪಕ್ಕದ ಕುರ್ಚಿ. ಪಂದ್ಯ ಶುರುವಾದಾಗ ಅದು ಖಾಲಿ ಇತ್ತು. ವಿರಾಮದವರೆಗೂ ಖಾಲಿಯೇ. ಆಮೇಲೆ ನಾನು ಆ ಕಡೆ ನೋಡುವುದನ್ನು ಬಿಟ್ಟೆ.

ಗಂಟೆ ಬಾರಿಸಿದ ಮೇಲೆ ನಮ್ಮವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಕೋಚ್ ಆ ಗದ್ದಲದಲ್ಲೇ ನಡೆದು ಬಂದು ನನ್ನ ಕೈಯಿಂದ ಚೆಂಡು ತೆಗೆದುಕೊಂಡರು. ಅದನ್ನು ನಾನು ಇನ್ನೂ ಅವಚಿಕೊಂಡೇ ಇದ್ದೆ.

"ಏನು ಕಂಡೆ?" ಎಂದು ಕೇಳಿದರು.

ಇಬ್ಬರು ಸರಿದದ್ದು ಕಂಡೆ, ಅವರ ಕೋಚ್ ದಾರಿ ಬಿಡಿ ಎಂದು ಕೈ ಮಾಡಿದ್ದು ಕಂಡೆ. ಅದನ್ನೆಲ್ಲ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ.

"ಬುಟ್ಟಿ ಹಿಂದೆ ಎಲ್ಲರೂ ಎದ್ದು ನಿಂತು, ಹಾಕು ಹಾಕು ಅಂತ ಕೂಗ್ತಿದ್ರು. ಬಾಗಿಲ ಪಕ್ಕದ ಕುರ್ಚೀಲಿ ಒಬ್ರು ಮಾತ್ರ ಕೂತಿದ್ರು. ಕೊನೇವರೆಗೂ ಕೂತಿದ್ರು."

ಅವರು ಆ ಕಡೆ ತಿರುಗಿ ನೋಡಲಿಲ್ಲ. ಕೋಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು, "ಸರಿಯಾಗಿ ನೋಡಿದೀಯ" ಎಂದರು.

ನಿನ್ನ,
ಲೀನಸ್